ತೋಳಿನ ಬಾಯಿ ಹೊಲಿದ ಕೈ

ಸೋಮವಾರ ಬೆಳಿಗ್ಗೆ ಠಾಣೆಯಲ್ಲಿ ಜನ ಕಡಿಮೆ. ರಜೆಯ ಜಗಳಗಳೆಲ್ಲ ಹಿಂದಿನ ದಿನವೇ ಬಂದು ರಾಜಿಯಾಗಿ ಹೋಗಿರುತ್ತವೆ. ಹತ್ತೂವರೆಯ ಹೊತ್ತಿಗೆ ಬಂದ ಹೆಂಗಸು ಒಂದು ಬಟ್ಟೆಯ ಚೀಲವನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲೇ ನಿಂತಳು. ವಯಸ್ಸು ನಲವತ್ತಾರು, ಕಸುಬು ದರ್ಜಿ, ಗಂಡ ತೀರಿಕೊಂಡು ಬಹಳ ವರ್ಷ. ಇಷ್ಟನ್ನು ಬರೆದುಕೊಂಡ ಕಾನ್‌ಸ್ಟೇಬಲ್‌ನನ್ನು ಠಾಣೆಯಲ್ಲಿ ಎಲ್ಲರೂ ಉದ್ದಪ್ಪ ಎನ್ನುತ್ತಿದ್ದರು. ತಲೆ ತಗ್ಗಿಸದೆ ಬಾಗಿಲು ದಾಟಿದರೆ ಅವನ ಟೋಪಿ ಹೊರಗೇ ಉಳಿಯುತ್ತಿತ್ತು.

"ಏನು ಕಳವಾಗಿದೆ?"

"ಏನೂ ಕಳವಾಗಿಲ್ಲ."

"ಮತ್ತೇನು?"

"ಯಾರೋ ಮನೆಯೊಳಗೆ ಬಂದು ಹೊಲಿದು ಹೋಗ್ತಿದಾರೆ."

ಉದ್ದಪ್ಪ ಪೆನ್ನು ಕೆಳಗಿಟ್ಟ. "ಅವರನ್ನ ನಮ್ಮನೆಗೂ ಸ್ವಲ್ಪ ಕಳಿಸಿಕೊಡಿ. ಗುಂಡಿ ಕಿತ್ತುಹೋಗಿರೋ ಅಂಗಿಗಳು ಬೇಕಾದಷ್ಟಿವೆ."

ಅವಳು ನಗಲಿಲ್ಲ. ಚೀಲದಿಂದ ಗಂಡಸರ ಬಿಳಿ ಅಂಗಿಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಎರಡೂ ತೋಳುಗಳ ಬಾಯಿಯನ್ನು ಒತ್ತೊತ್ತಾಗಿ ಹೊಲಿದು ಮುಚ್ಚಲಾಗಿತ್ತು. ಕುತ್ತಿಗೆಯ ಬಾಯಿಯನ್ನೂ ಬಿಟ್ಟಿರಲಿಲ್ಲ. ಅಂಗಿಯೇನೋ ಇತ್ತು, ಆದರೆ ಅದರೊಳಗೆ ಹೋದ ಮನುಷ್ಯ ತಲೆಯನ್ನಾಗಲಿ ಕೈಯನ್ನಾಗಲಿ ಹೊರಗೆ ಹಾಕುವ ಹಾಗಿರಲಿಲ್ಲ. ಉದ್ದಪ್ಪ ತೋಳನ್ನು ಬೆರಳಲ್ಲಿ ಎತ್ತಿ ನೋಡಿದ, ಯಾಕೋ ತಕ್ಷಣ ಕೆಳಗೆ ಬಿಟ್ಟ, ಇನ್ಸ್‌ಪೆಕ್ಟರನ್ನು ಕರೆಯಲು ಎದ್ದು ಹೋದ.

ಇನ್ಸ್‌ಪೆಕ್ಟರ್ ಐವತ್ತು ದಾಟಿದವರು, ಸಿಡುಕರು. ಆ ಸಿಡುಕನ್ನು ಕೈಕೆಳಗಿನವರ ಮೇಲೆ ಧಾರಾಳವಾಗಿ ಖರ್ಚು ಮಾಡಿ, ದೂರು ಕೊಡಲು ಬಂದವರೆದುರು ಮೆತ್ತಗೆ ಮಾತಾಡುತ್ತಿದ್ದರು.

"ಅಂಗಿ ಯಾರದಮ್ಮ?"

"ನಮ್ಮನೆ ಮಹಡೀಲಿ ಬಾಡಿಗೆಗೆ ಇರೋರದು. ಹಗ್ಗದವನು ಅಂತಾರೆ. ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ಇಳಿದು ಗಾಜು ಒರೆಸೋ ಕೆಲಸ."

"ಇದು ಮೊದಲನೇ ಸಲಾನಾ?"

"ಅಲ್ಲ. ಮೊದಲು ಅವರ ಕಾಲುಚೀಲ. ಆಮೇಲೆ ಸ್ವೆಟರು. ನಮ್ಮತ್ತೆಯ ಸ್ವೆಟರಿನ ತೋಳನ್ನೂ ಬಿಟ್ಟಿರಲಿಲ್ಲ. ಅದನ್ನೆಲ್ಲ ಬಿಚ್ಚಿ ಬಿಸಾಕಿದೆ. ನೋಡೋಕೇ ಹೆದರಿಕೆ ಆಗ್ತಿತ್ತು."

"ಮನೇಲಿ ಇನ್ನು ಯಾರು?"

"ನಾನು, ಅವರು, ನಮ್ಮತ್ತೆ. ಅತ್ತೆ ಅಂದ್ರೆ ನನ್ನ ಗಂಡನ ತಾಯಿ. ಅವರಿಗೆ ಕಣ್ಣು ಹೆಚ್ಚುಕಮ್ಮಿ ಹೋಗೇ ಬಿಟ್ಟಿದೆ. ನಾವಿಬ್ಬರೂ ಕೆಲಸಕ್ಕೆ ಹೋದಮೇಲೆ ಅವರೊಬ್ಬರೇ ಇರ್ತಾರೆ."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ," ಎಂದಳು. ಉತ್ತರ ಪ್ರಶ್ನೆಗಿಂತ ಮುಂಚೆಯೇ ಬಂದ ಹಾಗಿತ್ತು, ಇನ್ಸ್‌ಪೆಕ್ಟರ್ ಅದನ್ನು ಗಮನಿಸಿದರು. ಅಪರಿಚಿತರ ಅತಿಕ್ರಮ ಪ್ರವೇಶ ಎಂದು ಎಫ್‌ಐಆರ್ ಮಾಡಿಸಿ, ಅಂಗಿಯನ್ನು ಕವರಿಗೆ ಹಾಕಿ ಮೊಹರು ಮಾಡಿಸಿ, ಅವಳೊಡನೆಯೇ ಮನೆಗೆ ಹೊರಟರು.

ಮನೆ ಎರಡಂತಸ್ತಿನದು, ಅಗಲಕ್ಕಿಂತ ಉದ್ದವೇ ಹೆಚ್ಚು. ಕೆಳಗೆ ಎರಡು ಕೋಣೆ ಮತ್ತು ಅಡುಗೆಮನೆ, ಮೇಲೆ ಬಾಡಿಗೆಯವನ ಕೋಣೆ, ಅದರ ಮುಂದೆ ಬಟ್ಟೆ ಒಣಗಿಸುವ ಬಿಸಿಲುಮಚ್ಚು. ದರ್ಜಿ ಕೆಲಸ ಮಾಡುತ್ತಿದ್ದುದು ಎರಡು ಬೀದಿ ಆಚೆ, ಬಟ್ಟೆ ತೊಳೆದು ಇಸ್ತ್ರಿ ಮಾಡುವ ಅಂಗಡಿಯ ಮೂಲೆಯಲ್ಲಿ. ಅಲ್ಲಿಗೆ ಬಂದ ಬಟ್ಟೆಗಳಲ್ಲಿ ಅಂಚು ಮಡಚುವಂಥದ್ದನ್ನು ಮನೆಗೆ ತಂದು ಅತ್ತೆಗೆ ಕೊಡುತ್ತಿದ್ದಳು. ಈ ಸೊಸೆಗೆ ಸೂಜಿ ಹಿಡಿಯಲು ಕಲಿಸಿದವಳೇ ಆ ಅತ್ತೆ. ಕಣ್ಣು ಹೋದರೂ ಅವಳ ಬೆರಳು ಮರೆತಿರಲಿಲ್ಲ.

ಉದ್ದಪ್ಪ ಮಹಜರು ಬರೆದ. ಮುಂಬಾಗಿಲ ಬೀಗ ಸರಿಯಿದೆ. ಹಿಂಬಾಗಿಲಿಗೆ ಒಳಗಿನಿಂದ ಅಗುಳಿ. ಕಿಟಕಿಗಳಿಗೆ ಕಂಬಿ, ಕಂಬಿ ಅಲುಗಾಡಿಲ್ಲ. ಬಿಸಿಲುಮಚ್ಚಿನ ಗೋಡೆ ಹತ್ತಿದ ಗುರುತಿಲ್ಲ. ಬರೆಯುತ್ತ ಬರೆಯುತ್ತ ಅವನ ಕತ್ತಿನ ಹಿಂದೆ ಚುಮುಚುಮು ಎನ್ನತೊಡಗಿತು. ಒಡೆದ ಬಾಗಿಲು ಕಂಡರೆ ಪೊಲೀಸರಿಗೆ ಧೈರ್ಯ ಬರುತ್ತದೆ. ಏನೂ ಒಡೆಯದ ಮನೆ ಅವರನ್ನೂ ಹೆದರಿಸುತ್ತದೆ.

ಅಜ್ಜಿ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತು ಪ್ಯಾಂಟೊಂದರ ಅಂಚು ಹೊಲಿಯುತ್ತಿದ್ದಳು. ಪಕ್ಕದ ಮಣೆಯ ಮೇಲೆ ಒಂದು ಪುಟ್ಟ ದಿಂಬು. ಅದರ ತುಂಬ ದಾರ ಪೋಣಿಸಿದ ಸೂಜಿಗಳು ಸಾಲಾಗಿ ನಿಂತಿದ್ದವು.

"ಅಜ್ಜಿ, ನೀವು ಏನಾದ್ರೂ ಕೇಳಿಸಿಕೊಂಡ್ರಾ?"

"ಕೇಳಿಸಿತಪ್ಪ. ಮೆಟ್ಟಿಲು ಹತ್ತಿದ ಸದ್ದು. ಮೆಲ್ಲಗೆ. ಆಮೇಲೆ ಇಳಿದು ಬಂದು ಇಲ್ಲೇ, ನನ್ನ ಪಕ್ಕದಲ್ಲೇ ನಿಂತ ಹಾಗಾಯ್ತು. ಉಸಿರು ಬಿಗಿಹಿಡಿದು ಕೂತೆ. ಯಾರು ಅಂತ ಕೇಳೋಕೂ ಬಾಯಿ ಬರಲಿಲ್ಲ."

"ಗಂಡಸೋ ಹೆಂಗಸೋ?"

"ಕಣ್ಣಿಲ್ಲದೋಳನ್ನ ಏನು ಕೇಳ್ತೀಯ ಮಗಾ," ಎಂದು ಅಜ್ಜಿ ಉದ್ದಪ್ಪನ ಕೈಯನ್ನು ತಡಕಿ ಹಿಡಿದುಕೊಂಡಳು. ಅವಳ ಅಂಗೈ ತಣ್ಣಗಿತ್ತು. ದಿನಾ ಈ ದಾರಿಯಲ್ಲೇ ಗಸ್ತು ಬರುತ್ತೇನೆ ಎಂದು ಅವನು ತಾನಾಗಿ ಮಾತು ಕೊಟ್ಟ.

ಇನ್ಸ್‌ಪೆಕ್ಟರ್ ಮಹಡಿಗೆ ಹೋದರು. ಒಬ್ಬನೇ ಇರುವ ಕೋಣೆ. ಒಂಟಿ ಮಂಚ, ಎರಡು ದಿಂಬು. ಕಿಟಕಿಯ ಕಟ್ಟೆಯ ಮೇಲೆ ಎರಡು ಟೀ ಲೋಟ. ಗೋಡೆಗೆ ಸಿಕ್ಕಿಸಿದ ಕನ್ನಡಿಯನ್ನು ಆರಡಿಯ ಗಂಡಸು ಬಗ್ಗಿ ನೋಡಿಕೊಳ್ಳಬೇಕಾದಷ್ಟು ಕೆಳಗೆ ಹಾಕಲಾಗಿತ್ತು. ಅವರು ಕನ್ನಡಿಯನ್ನು ನೋಡಿದರು, ಬಾಗಿಲಲ್ಲಿ ನಿಂತ ದರ್ಜಿಯ ಎತ್ತರವನ್ನು ನೋಡಿದರು, ಹಿಂದೆಯೇ ಬಂದಿದ್ದ ಉದ್ದಪ್ಪನನ್ನು ಕೆಳಗೆ ಕಳಿಸಿದರು.

"ಯಾವಾಗಿನಿಂದ?"

ಅವಳು ಹೊಸ್ತಿಲ ಮೇಲೆ ಕುಸಿದು ಕುಳಿತಳು. "ಎರಡು ವರ್ಷ ಆಗ್ತಾ ಬಂತು."

"ಅವನಿಗೆಷ್ಟು ವಯಸ್ಸು?"

"ಇಪ್ಪತ್ತೊಂಬತ್ತು. ಹೇಳಿ ಸಾರ್, ಏನು ಹೇಳಬೇಕು ಅನ್ಸತ್ತೋ ಎಲ್ಲಾ ಹೇಳಿ. ಕನ್ನಡಿ ಮುಂದೆ ನಿಂತು ನಾನೇ ಎಲ್ಲಾ ಹೇಳಿಕೊಂಡಾಗಿದೆ."

ಇನ್ಸ್‌ಪೆಕ್ಟರ್ ಕನ್ನಡಿಗೆ ಬೆನ್ನು ಮಾಡಿ ನಿಂತರು. ಅವರಿಗೆ ಅವಳ ವಯಸ್ಸಿನ ತಂಗಿಯಿದ್ದಳು. ಆ ತಂಗಿ ಯಾರ ಮುಂದಾದರೂ ಹೀಗೆ ತಲೆ ತಗ್ಗಿಸಿ ಕುಳಿತರೆ ತನಗೆ ಸಹಿಸಲಾಗದು ಎನ್ನಿಸಿತು.

"ಅತ್ತೆಗೆ ಗೊತ್ತಾ?"

"ಅಯ್ಯೋ, ಇಲ್ಲ. ಗೊತ್ತಾದ್ರೆ ಎದೆ ಒಡೆದು ಸಾಯ್ತಾರೆ. ಅವರ ಮಗನ ಮನೆ ಇದು. ನಾವು ಮಾತಾಡೋದಿದ್ರೆ ಬಿಸಿಲುಮಚ್ಚಿಗೆ ಬಂದು ಪಿಸುಗುಟ್ಟಿಕೊಳ್ತೀವಿ. ಹೊಲಿದು ಹೋಗೋರಿಗೆ ಮಾತ್ರ ಹೇಗೋ ಗೊತ್ತಾಗಿದೆ. ಅದೇ ನನಗೆ ಭಯ. ಅವರ ಬಟ್ಟೆನೇ ಹುಡುಕಿ ಹೊಲೀತಾರಲ್ಲ ಸಾರ್."

ಸಂಜೆ ಹಗ್ಗದವನು ಬಂದ. ಆರಡಿ ಎತ್ತರದ, ಅಗಲ ಭುಜದ, ಬಿಸಿಲಿಗೆ ಕಂದಿದ ಮುಖದ ಆಸಾಮಿ. ಕೇಳಿದ್ದಕ್ಕೆಲ್ಲ ನಗುನಗುತ್ತ ಉತ್ತರಿಸಿದ. ಆದರೆ ಮಾತಿನ ನಡುವೆ ಎರಡು ಸಲ ಹಿಂದಿರುಗಿ ಬಾಗಿಲ ಕಡೆ ನೋಡಿದ.

"ನಿನಗೆ ಶತ್ರುಗಳು?"

"ಪಾರಿವಾಳ ಸಾರ್. ನಾನು ಗಾಜು ಒರೆಸಿದ ಮೇಲೇ ಅವು ಬರೋದು." ಅವನ ನಗು ಬೇಗ ಆರಿಹೋಯಿತು. "ಎತ್ತರಕ್ಕೆ ನನಗೆ ಯಾವತ್ತೂ ಭಯ ಇಲ್ಲ. ಈಗ ಮನೆಗೆ ಬಂದು ಬೀರು ಬಾಗಿಲು ತೆಗೆಯೋಕೆ ಭಯ ಆಗತ್ತೆ."

"ಹಾಗಿದ್ರೆ ಮನೆ ಬಿಡು."

"ಬಿಡ್ತೀವಿ ಸಾರ್. ನೋಡ್ತಾ ಇದೀವಿ." ಬಿಡ್ತೀನಿ ಎನ್ನಲಿಲ್ಲ ಅವನು.

ಉದ್ದಪ್ಪನನ್ನು ಮಫ್ತಿಯಲ್ಲಿ ಎದುರಿನ ಟೀ ಅಂಗಡಿಯಲ್ಲಿ ಕೂರಿಸಲಾಯಿತು. ಮಂಗಳವಾರ ಕೂತ. ಬುಧವಾರವೂ ಬೆಳಗಿನಿಂದ ಸಂಜೆಯವರೆಗೆ ಕೂತ. ಬುಧವಾರ ಹಗ್ಗದವನಿಗೆ ರಜೆ. ಬೆಳಿಗ್ಗೆ ಅವನು ಬಿಸಿಲುಮಚ್ಚಿನಲ್ಲಿ ಬಟ್ಟೆ ಒಗೆದು ಹರಡಿದ್ದು ಟೀ ಅಂಗಡಿಯಿಂದ ಕಾಣುತ್ತಿತ್ತು. ಮಧ್ಯಾಹ್ನ ದರ್ಜಿ ಮೊದಲು, ಸ್ವಲ್ಪ ಬಿಟ್ಟು ಅವನು, ಒಬ್ಬರಿಗೊಬ್ಬರು ಗುರುತೇ ಇಲ್ಲದವರ ಹಾಗೆ ಬೀದಿಯ ತುದಿಗೆ ಹೋಗಿ ಅಲ್ಲಿ ಒಂದೇ ಬಸ್ಸು ಹತ್ತಿದರು. ಸಂಜೆ ಅದೇ ರೀತಿ ಬೇರೆಬೇರೆಯಾಗಿ ಹಿಂದಿರುಗಿದರು. ಅವರು ಇಲ್ಲದ ಹೊತ್ತಿನಲ್ಲಿ ಆ ಬಾಗಿಲನ್ನು ಯಾರೂ ಮುಟ್ಟಲಿಲ್ಲ.

"ಒಂದು ನೊಣ ಕೂಡ ಒಳಗೆ ಹೋಗಿಲ್ಲ ಸಾರ್," ಎಂದು ಉದ್ದಪ್ಪ ವರದಿ ಒಪ್ಪಿಸಿದ. ಅವನ ಆ ವರದಿ ನೂರಕ್ಕೆ ನೂರು ಸತ್ಯವಾಗಿತ್ತು.

ಗುರುವಾರ ಬೆಳಿಗ್ಗೆ ಕಂಟ್ರೋಲ್ ರೂಮಿನಿಂದ ಕರೆ ಬಂತು. ಕಚೇರಿ ಕಟ್ಟಡವೊಂದರ ಗಾಜು ಒರೆಸುತ್ತಿದ್ದವನು ಬಿದ್ದಿದ್ದಾನೆ.

ಇನ್ಸ್‌ಪೆಕ್ಟರ್ ತಲುಪುವ ಹೊತ್ತಿಗೆ ಆಂಬುಲೆನ್ಸ್ ಹೋಗಿತ್ತು. ಫುಟ್‌ಪಾತಿನ ಮೇಲೆ ಹರಿದ ಕ್ಯಾನ್ವಾಸು, ಮಗುಚಿದ ಬಕೆಟ್ಟು, ಸೋಪಿನ ನೊರೆ. ಮೇಲಿನ ಅಂತಸ್ತುಗಳನ್ನೆಲ್ಲ ಮುಗಿಸಿ ಇನ್ನೇನು ನೆಲ ಹತ್ತಿರ ಬಂತು ಎನ್ನುವಾಗ ಅವನು ಬಿದ್ದಿದ್ದ. ಕೆಳಗಿನ ಅಂಗಡಿಯ ಕ್ಯಾನ್ವಾಸಿನ ಚಪ್ಪರ ಅವನನ್ನು ಅರ್ಧ ಹಿಡಿದು ಆಮೇಲೆ ಕೈಬಿಟ್ಟಿತ್ತು. ಮೇಲಿಂದಲೇ ಬಿದ್ದಿದ್ದರೆ ಇನ್ಸ್‌ಪೆಕ್ಟರ್ ಶವದ ಮಹಜರು ಬರೆಸಬೇಕಾಗುತ್ತಿತ್ತು. ಎರಡು ಹಗ್ಗಗಳೂ ನೆಟ್ಟಗೆ ನೇತಾಡುತ್ತಿದ್ದವು. ಅವುಗಳ ತುದಿಯಲ್ಲಿ ಕಬ್ಬಿಣದ ಬಳೆಯೊಂದು, ಬಳೆಗೆ ಸಿಕ್ಕಿಕೊಂಡಂತೆ ಕೆಂಪು ಪಟ್ಟಿಯ ಒಂದು ತುಂಡು. ಹಗ್ಗ ಹರಿದಿರಲಿಲ್ಲ. ಮನುಷ್ಯನನ್ನು ಹಗ್ಗಕ್ಕೆ ಕಟ್ಟಿದ್ದ ಸೊಂಟದ ಪಟ್ಟಿ ಬಿಟ್ಟುಕೊಂಡಿತ್ತು.

ಕೆಲಸದ ಮೇಸ್ತ್ರಿ ಪಟ್ಟಿಯ ಕಡೆ ಬೆರಳು ಮಾಡಿದ. "ಈ ಹೊಲಿಗೆ ನೈಲಾನ್ ದಾರದ್ದು ಸಾರ್. ಆನೆ ಕಟ್ಟಿ ಎಳೆದರೂ ಬರಲ್ಲ."

"ಹಾಗಾದ್ರೆ ಇದೇನು?" ಇನ್ಸ್‌ಪೆಕ್ಟರ್ ಪಟ್ಟಿಯ ತುದಿಯಿಂದ ಹಳದಿ ಎಳೆಯೊಂದನ್ನು ಚಿಮುಟದಲ್ಲಿ ಎತ್ತಿ, ಎರಡು ಬೆರಳಲ್ಲಿ ಹಿಡಿದು ಜಗ್ಗಿದರು. ಅದು ಪಟ್ ಎಂದು ತುಂಡಾಯಿತು. ಮನೆಯಲ್ಲಿ ಗುಂಡಿ ಹೊಲಿಯುವ ನೂಲಿನ ದಾರ. ಹಳೆಯ ಹೊಲಿಗೆಯನ್ನು ಬಿಚ್ಚಿ, ಅದೇ ತೂತುಗಳಲ್ಲಿ ಈ ದಾರವನ್ನು ಹಾಯಿಸಿ ಮತ್ತೆ ಹೊಲಿಯಲಾಗಿತ್ತು. ಒಂದು ತೂತೂ ತಪ್ಪಿರಲಿಲ್ಲ.

"ನೀವು ಪರೀಕ್ಷೆ ಮಾಡಲ್ವಾ?"

"ಮಾಡಿದೆ ಸಾರ್. ಹೊಲಿಗೆ ಸವೆದಿದ್ರೆ ಕಾಣಲಿ ಅಂತಾನೇ ಹಳದಿ ದಾರ ಇರೋದು. ಹಳದಿ ಇದೆ ಅಂತ ನೋಡಿದೆ, ಬಿಟ್ಟೆ."

"ಪಟ್ಟಿ ರಾತ್ರಿ ಎಲ್ಲಿತ್ತು?"

"ರಜೆ ದಿನ ಒಗೆಯೋಕೆ ಮನೆಗೆ ತಗೊಂಡು ಹೋಗ್ತಾರೆ. ಇವನೂ ತಗೊಂಡು ಹೋಗಿದ್ದ."

ಪ್ರಕರಣಕ್ಕೆ ಕೊಲೆ ಯತ್ನದ ಕಲಂ ಸೇರಿತು. ಹಗ್ಗದವನ ಸೊಂಟದ ಮೂಳೆ, ಒಂದು ಕಾಲು, ಒಂದು ಕೈ ಮುರಿದಿದ್ದವು. ಆಸ್ಪತ್ರೆಯಲ್ಲಿ ನೋವಿನ ಔಷಧಿಯ ಮಂಪರಿನಲ್ಲಿ ಅವನು ಒಂದೇ ಮಾತನ್ನು ತಿರುಗಿ ತಿರುಗಿ ಹೇಳುತ್ತಿದ್ದ: "ಮನೆಗೆ ಕಳಿಸಬೇಡಿ." ಇನ್ಸ್‌ಪೆಕ್ಟರ್ ಆ ಕೋಣೆಯ ಬಾಗಿಲಿಗೆ ವಯಸ್ಸಾದ ಕಾನ್‌ಸ್ಟೇಬಲ್ ಒಬ್ಬನನ್ನು ಕಾವಲಿಟ್ಟರು. ಮನೆಯವರನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡಬೇಡ ಎಂದು ಅಪ್ಪಣೆ ಮಾಡಿದರು. ಆಮೇಲೆ ಬಹಳ ದಿನ ಅವರು ಆ ಅಪ್ಪಣೆಯನ್ನು ನೆನೆದು ನಿದ್ದೆಯಿಂದ ಏಳುತ್ತಿದ್ದರು.

ಲೆಕ್ಕ ಸರಳವಾಗಿತ್ತು. ಹೊರಗಿನವರು ಒಳಗೆ ಬಂದಿಲ್ಲ, ಅದಕ್ಕೆ ಉದ್ದಪ್ಪ ಸಾಕ್ಷಿ. ಒಳಗಿದ್ದವರು ಮೂವರು. ಒಬ್ಬ ಬಿದ್ದವನು, ಒಬ್ಬಳು ಕುರುಡಿ. ಉಳಿದವಳು ದರ್ಜಿ. ಶುಕ್ರವಾರ ಬೆಳಿಗ್ಗೆ ಅವಳನ್ನು ಠಾಣೆಗೆ ಕರೆಸಿದರು. ಅತ್ತೆಯೂ ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ಕುಳಿತಳು. ಕೈಯಲ್ಲಿ ಹೊಲಿಗೆಯ ಚೀಲ.

"ಸಾಹೇಬರೇ," ಎಂದಳು ಅಜ್ಜಿ ಬೂಟಿನ ಸದ್ದು ಹಿಡಿದು, "ಇವಳನ್ನ ನೀವು ಇಲ್ಲಿ ಕೂರಿಸಿಕೊಂಡ್ರೆ ಆಸ್ಪತ್ರೇಲಿ ಆ ಹುಡುಗನ ಹತ್ರ ಯಾರಿರ್ತಾರೆ? ಅನಾಥನ ಹಾಗೆ ಬಿದ್ದಿದಾನೆ. ನನ್ನನ್ನಾದ್ರೂ ಬಿಡಿ, ಪಕ್ಕದಲ್ಲಿ ಕೂತಿರ್ತೀನಿ."

ಇನ್ಸ್‌ಪೆಕ್ಟರ್ ಜೀಪು ಕೊಟ್ಟರು. ಮಹಿಳಾ ಕಾನ್‌ಸ್ಟೇಬಲ್ ಅಜ್ಜಿಯ ಕೈ ಹಿಡಿದು ಆಸ್ಪತ್ರೆಯ ಮಂಚದವರೆಗೂ ಬಿಟ್ಟು ಬಂದಳು.

ವಿಚಾರಣೆ ಶುರುವಾಯಿತು.

"ಬುಧವಾರ ಮಧ್ಯಾಹ್ನ ಇಬ್ಬರೂ ಎಲ್ಲಿಗೆ ಹೋಗಿದ್ರಿ?"

"ಬಾಡಿಗೆ ಮನೆ ನೋಡೋಕೆ. ಮುಂದಿನ ತಿಂಗಳು ರಿಜಿಸ್ಟರ್ ಮದುವೆ ಅಂದ್ಕೊಂಡಿದ್ವಿ."

"ಅವನು ಒಪ್ಪಿದ್ನಾ? ಇಲ್ಲ ಕೊನೇ ಗಳಿಗೇಲಿ ಬೇಡ ಅಂದ್ನಾ?"

"ಅವರೇ ಕೇಳಿದ್ದು. ಹೆದರಿಕೊಂಡು ಮುಂದಕ್ಕೆ ಹಾಕ್ತಾ ಬಂದವಳು ನಾನು."

"ಪಟ್ಟಿಯ ಹೊಲಿಗೆ ನೋಡಿದೀನಮ್ಮ. ಅಷ್ಟು ನಾಜೂಕಾಗಿ ಹೊಲಿಯೋರು ಆ ಮನೇಲಿ ಯಾರಿದಾರೆ?"

ಅವಳ ಮುಖ ಬಿಳಚಿಕೊಂಡಿತು. "ನಾನೇ," ಎಂದಳು. "ನಾನು ಹೊಲಿಯಬಲ್ಲೆ. ಆದರೆ ನಾನು ಹೊಲಿದಿಲ್ಲ. ಅವರು ಈಗ ಹೇಗಿದಾರೆ, ಅದನ್ನ ಮೊದಲು ಹೇಳಿ."

ಇನ್ಸ್‌ಪೆಕ್ಟರಿಗೆ ಹೋಲಿಸಿ ನೋಡಲು ಅವಳ ಮಾದರಿ ಹೊಲಿಗೆ ಬೇಕಿತ್ತು. ಹಳೆಯ ಬಿಳಿ ಅಂಗಿಯೊಂದನ್ನು ಅವಳ ಮುಂದಿಟ್ಟು, ಸೂಜಿ, ನಾಲ್ಕಾರು ಬಣ್ಣದ ದಾರದ ಉಂಡೆಗಳನ್ನು ಕೊಟ್ಟು, ತೋಳಿನ ಬಾಯಿ ಹೊಲಿಯಲು ಹೇಳಿದರು. ಅವಳು ಅಳುತ್ತಲೇ ಹೊಲಿದಳು. ಅರ್ಧಕ್ಕೆ ದಾರ ಮುಗಿಯಿತು. ಕಣ್ಣೊರೆಸಿಕೊಂಡು ಅದೇ ಬಿಳಿ ಉಂಡೆಯಿಂದ ಮತ್ತೆ ದಾರ ಕಡಿದು, ಪೋಣಿಸಿ, ಮುಂದುವರಿಸಿದಳು. ಇನ್ಸ್‌ಪೆಕ್ಟರ್ ಅದನ್ನು ನೋಡುತ್ತಿದ್ದರು. ಏನೋ ಹೊಂದುತ್ತಿರಲಿಲ್ಲ. ಎದ್ದು ಹೋಗಿ ಸೋಮವಾರದ ಕವರನ್ನು ತರಿಸಿ, ಮೊಹರು ಒಡೆದು, ಆ ಬಿಳಿ ಅಂಗಿಯನ್ನು ಪಕ್ಕದಲ್ಲಿ ಹರಡಿದರು.

"ಇದನ್ನು ನೋಡು. ತೋಳು ಶುರುವಾಗಿರೋದು ಕಂದು ದಾರದಲ್ಲಿ. ಅರ್ಧಕ್ಕೆ ಹಸಿರಾಗಿದೆ. ಕುತ್ತಿಗೆ ಹತ್ತಿರ ಬೂದು. ಬಿಳಿ ಅಂಗಿಗೆ ಯಾವ ದರ್ಜಿ ಹೀಗೆ ಹೊಲೀತಾರೆ?"

ಅವಳು ಆ ಅಂಗಿಯನ್ನು ಅಲ್ಲಿಯವರೆಗೆ ಸರಿಯಾಗಿ ನೋಡಿರಲೇ ಇಲ್ಲ. ಹೆದರಿ ಚೀಲಕ್ಕೆ ತುರುಕಿ ತಂದಿದ್ದಳು. ಈಗ ಬಗ್ಗಿ ನೋಡಿದಳು. ಬೆರಳಿಂದ ಕಂದು ಮುಟ್ಟಿದಳು, ಹಸಿರು ಮುಟ್ಟಿದಳು, ಬೂದು ಮುಟ್ಟಿದಳು.

"ಕಂದು, ಆಫೀಸಿನ ಪ್ಯಾಂಟಿಗೆ," ಎಂದಳು ತನ್ನಷ್ಟಕ್ಕೆ. "ಹಸಿರು, ಸ್ಕೂಲಿನ ಲಂಗಕ್ಕೆ. ಬೂದು, ಆ ಡ್ರೈವರ್ ಕೋಟಿಗೆ. ಇವನ್ನೆಲ್ಲ ಪೋಣಿಸಿದ್ದು ನಾನು."

"ಅಂದ್ರೆ ಒಪ್ಪಿಕೊಳ್ತೀಯಾ?"

"ಪೋಣಿಸಿದ್ದು ಸಾರ್. ಹೊಲಿದದ್ದಲ್ಲ." ಅವಳ ದನಿ ಕೇಳಿಸದಷ್ಟು ಸಣ್ಣದಾಯಿತು. "ಅತ್ತೆಗೆ ಸೂಜಿ ಕಣ್ಣು ಕಾಣಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡೋ ಮುಂಚೆ ಅವತ್ತಿನ ಬಟ್ಟೆಗೆ ಏನೇನು ಬೇಕೋ ಅಷ್ಟು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗ್ತೀನಿ. ಅವರು ಒಂದೊಂದಾಗಿ ತಗೊಂಡು ಹೊಲೀತಾರೆ. ಬಣ್ಣ ಅವರಿಗೆ ತಿಳಿಯಲ್ಲ, ಸಾಲಿನ ಮೇಲೆ ನೆನಪಿಟ್ಟುಕೊಳ್ತಾರೆ. ನಾನು ಜಾಸ್ತೀನೇ ಪೋಣಿಸಿಡ್ತಿದ್ದೆ, ಸಾಲದೆ ಬಂದ್ರೆ ಪಾಪ ಸುಮ್ಮನೆ ಕೂತಿರಬೇಕಾಗತ್ತೆ ಅಂತ." ಒಮ್ಮೆಲೇ ತಲೆಯೆತ್ತಿದಳು. "ಹಳದಿ. ಬುಧವಾರ ಬೆಳಿಗ್ಗೆ ಹಳದಿ ದಾರ ಬೇಕು ಅಂದ್ರು, ಗಟ್ಟಿಯಾಗಿ ಎರಡೆಳೆ ಮಾಡಿ ಪೋಣಿಸು ಅಂದ್ರು. ದಿಂಬಿನ ಚೀಲಕ್ಕೆ ಅಂದ್ರು. ನಾನು ಪೋಣಿಸಿಕೊಟ್ಟೆ ಸಾರ್. ನಾನೇ ಪೋಣಿಸಿಕೊಟ್ಟೆ."

"ಪಟ್ಟಿ ಹೊಲಿಗೆ ಹಳದಿ ಅಂತ ಕಣ್ಣಿಲ್ಲದೋರಿಗೆ ಹೇಗೆ ಗೊತ್ತು?"

"ಅವರೇ ಹೇಳಿರ್ತಾರೆ, ಆಸ್ಪತ್ರೇಲಿ ಇರೋರು. ಮನೇಲಿ ಅವರ ಕೆಲಸದ ಬಗ್ಗೆ ಕೇಳೋರು ಅತ್ತೆ ಒಬ್ಬರೇ. ಪಟ್ಟಿನ ಅತ್ತೆ ಕೈಗೆ ಕೊಟ್ಟು, ಇದು ಬಳೆ ಅಜ್ಜಿ, ಈ ಹೊಲಿಗೆನೇ ನನ್ನ ಪ್ರಾಣ ಹಿಡಿಯೋದು ಅಂತ ಮುಟ್ಟಿಸಿ ತೋರಿಸ್ತಿದ್ರು." ಅವಳು ಎದ್ದು ನಿಂತಳು. "ಅತ್ತೆ ಎಲ್ಲಿ?"

ಇನ್ಸ್‌ಪೆಕ್ಟರ್ ಉತ್ತರ ಕೊಡುವ ಮೊದಲೇ ಓಡತೊಡಗಿದ್ದರು.

ಆಸ್ಪತ್ರೆಯ ಫೋನು ಎಂಗೇಜ್ ಬರುತ್ತಿತ್ತು. ಕಾವಲಿನವನು ಮೊಬೈಲ್ ಎತ್ತಲಿಲ್ಲ. ಜೀಪಿನಲ್ಲಿ ದರ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದಳು. ಸಿಗ್ನಲ್ಲಿನಲ್ಲಿ ಮುಂದಿನ ಗಾಡಿ ಮಿಸುಕದಿದ್ದಾಗ ಇನ್ಸ್‌ಪೆಕ್ಟರ್ ಇಡೀ ಊರಿಗೆ ಕೇಳುವ ಹಾಗೆ ಬೈದರು. ತಮ್ಮ ಜನ್ಮದಲ್ಲೇ ಅವರು ಅಷ್ಟು ಹೆದರಿರಲಿಲ್ಲ. ಗಂಡನನ್ನು ಕಳಕೊಂಡ ಹೆಂಗಸಿನಿಂದ ಎರಡನೆಯವನನ್ನೂ ಕಿತ್ತುಕೊಳ್ಳಲು ತಾವೇ ಜೀಪು ಕೊಟ್ಟು ಕಳಿಸಿದ್ದರು.

ಮೂರನೆಯ ಮಹಡಿಯ ಕಾರಿಡಾರಿನ ತುದಿಯಲ್ಲಿ ಕಾವಲು ಕಾನ್‌ಸ್ಟೇಬಲ್ ಬಾಗಿಲಲ್ಲೇ ನಿಂತಿದ್ದ. ಕಿಟಕಿಯ ಬೆಳಕಿಗೆ ತಿರುಗಿ, ಒಂದು ಕಣ್ಣು ಮುಚ್ಚಿ, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಸೂಜಿಗೆ ಪೋಣಿಸುತ್ತಿದ್ದ. ಕನ್ನಡಕ ಮನೆಯಲ್ಲಿ ಮರೆತು ಬಂದಿದ್ದರಿಂದ ದಾರ ತೂರುತ್ತಿರಲಿಲ್ಲ.

"ಅಜ್ಜಿ ಕೇಳಿದ್ರು ಸಾರ್," ಎಂದ ಬೆಚ್ಚಿ. "ಪೋಣಿಸಿದ್ದೆಲ್ಲ ಮುಗೀತಂತೆ. ಪಾಪ, ಹರಿದ ಚಾದರ ಹೊಲಿತಾ ಕೂತಿದಾರೆ."

ಇನ್ಸ್‌ಪೆಕ್ಟರ್ ಅವನನ್ನು ತಳ್ಳಿಕೊಂಡು ಒಳಗೆ ಹೋದರು. ಅಜ್ಜಿ ಮಂಚದ ಪಕ್ಕದ ಸ್ಟೂಲಿನ ಮೇಲೆ ನೆಟ್ಟಗೆ ಕುಳಿತಿದ್ದಳು. ಚಾದರವನ್ನು ಹಾಸಿಗೆಗೆ ಹೊಲಿಯಲಾಗಿತ್ತು. ಕಾಲಿನ ಕಡೆಯಿಂದ ಶುರುವಾಗಿ, ಎಡಗಡೆಯ ಅಂಚು ಪೂರ್ತಿ, ಬಲಗಡೆಯದು ಭುಜದವರೆಗೆ. ಒಳಗೆ ಹಗ್ಗದವನು ಎಚ್ಚರವಾಗಿದ್ದ. ಪ್ಲಾಸ್ಟರ್ ಹಾಕಿದ ಕೈ, ಹಾಕದ ಕೈ ಎರಡೂ ಚಾದರದೊಳಗೆ. ಮಂಪರಿನಲ್ಲಿ ಕೂಗಲು ದನಿ ಹೊರಡದೆ ಅವನ ಕಣ್ಣುಗಳು ಮಾತ್ರ ಬಾಗಿಲ ಕಡೆ ಹೊರಳಿದವು. ಅಜ್ಜಿಯ ಮಡಿಲಲ್ಲಿ ಆಸ್ಪತ್ರೆಯ ಹೆಚ್ಚುವರಿ ದಿಂಬಿತ್ತು. ಅವಳ ಎಡಗೈ ಅವನ ಗಲ್ಲವನ್ನು, ಅಲ್ಲಿಂದ ಮೂಗನ್ನು ಮೆಲ್ಲಗೆ ತಡವಿ ಜಾಗ ಗುರುತು ಮಾಡಿಕೊಳ್ಳುತ್ತಿತ್ತು.

"ಅಲ್ಲಾಡಬೇಡ ಮಗಾ," ಎನ್ನುತ್ತಿದ್ದಳು. "ಸೂಜಿ ಚುಚ್ಚತ್ತೆ. ಇನ್ನು ಸ್ವಲ್ಪವೇ ಉಳಿದಿರೋದು."

ದರ್ಜಿಯ ಬಾಯಿಂದ ಹೊರಟ ಕೂಗಿಗೆ ಪಕ್ಕದ ವಾರ್ಡಿನ ನರ್ಸುಗಳೆಲ್ಲ ಓಡಿ ಬಂದರು. ಇನ್ಸ್‌ಪೆಕ್ಟರ್ ದಿಂಬು ಕಿತ್ತುಕೊಂಡರು. ದರ್ಜಿ ಹೊಲಿಗೆಯನ್ನು ಹಲ್ಲಿನಿಂದಲೇ ಕಚ್ಚಿ ಬಿಚ್ಚತೊಡಗಿದಳು. ಅವನ ಒಳ್ಳೆಯ ಕೈ ಹೊರಗೆ ಬಂದದ್ದೇ ಅವಳ ತಲೆಯ ಮೇಲೆ ಹೋಗಿ ನಿಂತಿತು. ಇಷ್ಟು ಜನರೆದುರು ಅವರಿಬ್ಬರೂ ಮುಟ್ಟಿಕೊಂಡದ್ದು ಅದೇ ಮೊದಲು.

ಮಧ್ಯಾಹ್ನ ಠಾಣೆಯಲ್ಲಿ ಅಜ್ಜಿ ಏನನ್ನೂ ಮುಚ್ಚಿಡಲಿಲ್ಲ. ಮಹಿಳಾ ಕಾನ್‌ಸ್ಟೇಬಲ್ ಕೊಟ್ಟ ನೀರು ಕುಡಿದು, ಕೇಳಿದ್ದಕ್ಕೆ ಕೇಳಿದಷ್ಟು ಉತ್ತರ ಕೊಟ್ಟಳು.

"ಯಾವಾಗ ಗೊತ್ತಾಯ್ತು ನಿಮಗೆ?"

"ಅವಳು ನಕ್ಕಾಗ. ನನ್ನ ಮಗ ಹೋದಮೇಲೆ ಆ ಮನೇಲಿ ಅವಳು ನಕ್ಕಿರಲಿಲ್ಲ. ಬಿಸಿಲುಮಚ್ಚಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಕಣ್ಣು ಹೋಗಿದೆ, ಕಿವಿ ಹೋಗಿಲ್ಲ."

"ಬಟ್ಟೆ ಯಾಕೆ ಹೊಲಿದ್ರಿ?"

"ಹೆದರಿ ಬಿಟ್ಟು ಹೋಗ್ಲಿ ಅಂತ. ನನಗೂ ಹೆದರಿಕೆ ಅನ್ನೋ ಹಾಗೆ ನನ್ನ ಸ್ವೆಟರನ್ನೂ ಹೊಲಿದುಕೊಂಡೆ. ಅವನು ಹೋಗ್ಲಿಲ್ಲ. ಮನೆ ನೋಡೋಣ, ಇಬ್ಬರೂ ಹೋಗೋಣ ಅಂದ. ಅಷ್ಟು ಕೇಳಿಸ್ತು. ಇಬ್ಬರೂ ಅಂದ."

"ಅಷ್ಟಕ್ಕೆ ಕೊಲ್ಲಬೇಕಾ?"

"ನನ್ನ ಮಗನಿಂದ ಅವಳು ನನಗೆ ಸೊಸೆ. ನಾಳೆ ಅವಳು ಇನ್ನೊಬ್ಬನ ಹೆಂಡತಿ ಆದ್ರೆ ನಾನು ಅವಳಿಗೆ ಏನಾಗ್ತೀನಿ ಸಾಹೇಬರೇ? ಅತ್ತೆ ಅನ್ನೋಕೆ ಆಗಲ್ಲ. ಅಮ್ಮ ಅಲ್ಲ. ಅದಕ್ಕೊಂದು ಹೆಸರಿದ್ರೆ ಹೇಳಿ. ಹೆಸರೇ ಇಲ್ಲದೋಳಿಗೆ ಬೆಳಿಗ್ಗೆ ಎದ್ದು ಯಾರು ಸೂಜಿ ಪೋಣಿಸಿಡ್ತಾರೆ? ಎದ್ದ ಕೂಡಲೇ ಆ ದಿಂಬು ಮುಟ್ಟಿ ನೋಡ್ತಿದ್ದೆ. ಸೂಜಿ ಇದ್ರೆ, ಇವತ್ತು ಬಿಟ್ಟು ಹೋಗಿಲ್ಲ ಅಂತ."

ಬಾಗಿಲ ಪಕ್ಕದ ಬೆಂಚಿನಲ್ಲಿ ದರ್ಜಿ ಕುಳಿತಿದ್ದಳು. ಆಸ್ಪತ್ರೆಯಿಂದ ಹೇಳಿಕೆ ಕೊಡಲು ಬಂದಿದ್ದಳು. ಅವಳು ಅಲ್ಲಿದ್ದಾಳೆಂದು ಅಜ್ಜಿಗೆ ತಿಳಿದಿರಲಿಲ್ಲ.

"ಮೂರು ಕೋಣೆ ಮನೆ ನೋಡಿದ್ವಿ," ಎಂದಳು ದರ್ಜಿ. ದನಿ ಒಡೆದಿತ್ತು. "ನೆಲಮಾಳಿಗೆ ಬೇಡ, ಎರಡು ಕೋಣೇದೂ ಬೇಡ ಅಂತ ಊರೆಲ್ಲ ಅಲೆದ್ವಿ. ಮೂರನೇ ಕೋಣೆಗೆ ಬೆಳಕು ಚೆನ್ನಾಗಿ ಬರಬೇಕು, ಅಜ್ಜಿಗೆ ಬಿಸಿಲು ತಾಗಿದ್ರೆ ಹೊತ್ತು ತಿಳಿಯತ್ತೆ ಅಂತ ಹೇಳಿದ್ದು ಅವರು. ನೀವು ಯಾರನ್ನ ಬೀಳಿಸಿದ್ರೋ ಅವರು. ನಿಮಗೆ ಹೇಗೆ ಹೇಳೋದು ಅಂತ ಹೆದರಿ, ನಾನೇ ಪಿಸುಗುಟ್ಟಿ ಪಿಸುಗುಟ್ಟಿ ಸತ್ತೆ."

ಸೂಜಿಗಾಗಿ ತಡಕುವ ಹಾಗೆ ಅಜ್ಜಿಯ ಬೆರಳುಗಳು ಮೇಜಿನ ಮೇಲೆ ಆಡಿದವು, ಅಲ್ಲಿ ಏನೂ ಇರಲಿಲ್ಲ.

ಬಂಧನದ ಪತ್ರ ತುಂಬಿಸುತ್ತಿದ್ದವನು ಉದ್ದಪ್ಪ. ಕುರುಡಿ ಎಂದು ತಾನೂ ಅವಳನ್ನು ಲೆಕ್ಕದಿಂದ ಬಿಟ್ಟದ್ದಕ್ಕೆ ಅವನಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ವಯಸ್ಸು, ವಿಳಾಸ, ಗುರುತಿನ ಚಿಹ್ನೆ ಬರೆದ. ಮುಂದಿನ ಕಾಲಮಿಗೆ ಬಂದು ನಿಂತ.

"ಬಂಧನದ ವಿಷಯ ಯಾರಿಗಾದ್ರೂ ತಿಳಿಸಬೇಕು ಅಜ್ಜಿ. ಸಂಬಂಧಿಕರು ಯಾರಿದಾರೆ?"

"ಯಾರೂ ಇಲ್ಲ ಅಂತ ಬರ್ಕೋ ಮಗಾ."

ಉದ್ದಪ್ಪ ಇನ್ಸ್‌ಪೆಕ್ಟರ್ ಮುಖ ನೋಡಿದ. ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ತಿರುಗಿಕೊಂಡರು.

"ನನ್ನ ಹೆಸರು ಬರ್ಕೊಳ್ಳಿ," ಎಂದಳು ದರ್ಜಿ.

"ಸಂಬಂಧ ಏನಂತ ಬರೀಲಿ ಅಮ್ಮ?"

ಚಾದರದ ದಾರ ಕಚ್ಚಿ ಅವಳ ತುಟಿ ಸೀಳಿತ್ತು, ಅದನ್ನು ಕೈಯಿಂದ ಒರೆಸಿಕೊಂಡಳು.

"ಸೊಸೆ," ಎಂದಳು. "ಕ್ಷಮಿಸಿದೀನಿ ಅಂತಲ್ಲ. ಸಂಬಂಧ ಕೇಳಿದ್ರಲ್ಲ, ಅದಕ್ಕೆ ಹೇಳಿದೆ."

ಉದ್ದಪ್ಪ ಬರೆದುಕೊಂಡ. ಅಜ್ಜಿ ಆ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿ, ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು, ಮಕ್ಕಳ ಹಾಗೆ ದೊಡ್ಡ ದನಿ ತೆಗೆದು ಅತ್ತಳು. ಸೊಸೆ ಅವಳ ಹತ್ತಿರ ಹೋಗಲಿಲ್ಲ. ವ್ಯಾನು ಬರುವವರೆಗೆ ಎದ್ದು ಹೊರಗೂ ಹೋಗಲಿಲ್ಲ.